ಪರದೆಯ ಹಿಂದೆ ನಿಲ್ಲುವ ಮಗು: ಪಾಟಿ ಬೇಡವೆನ್ನುವುದು ಹಟವಲ್ಲ

ನಮ್ಮ ಮಗಳಿಗೆ ಆಗ ಎರಡು ವರ್ಷ ಏಳು ತಿಂಗಳು. ಬೆಂಗಳೂರಿನ ಬನಶಂಕರಿಯ ನಮ್ಮ ಮನೆಯ ನಡುಮನೆಯಲ್ಲಿ ರಸ್ತೆಗೆ ಮುಖ ಮಾಡಿದ ಕಿಟಕಿಯೊಂದಿದೆ, ಅದಕ್ಕೆ ನೆಲ ಮುಟ್ಟುವ ಪರದೆ. ಬೆಳಗಿನ ತಿಂಡಿ ಮುಗಿದು ಸ್ವಲ್ಪ ಹೊತ್ತಿಗೆ ಅವಳು ಆಟದ ಸಾಮಾನನ್ನು ಇದ್ದಲ್ಲೇ ಬಿಟ್ಟು ಆ ಪರದೆಯ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಎರಡೂ ಕೈ ಕಿಟಕಿಯ ಸರಳಿನ ಮೇಲೆ. ಹಿಮ್ಮಡಿ ನೆಲದಿಂದ ಮೇಲೆ. ಕಾಲಿಗೆ ಕಾಲು ಹೆಣೆದು, ಮುಖ ಕೆಂಪಾಗಿ, ಹಣೆಯ ಮೇಲಿನ ಕೂದಲು ಬೆವರಿಗೆ ಅಂಟಿಕೊಂಡಿರುತ್ತಿತ್ತು. ‘ಪಾಪ, ತಿಣುಕುತ್ತಿದೆ ಮಗು’ ಎಂದು ಅತ್ತೆ ಮರುಗುತ್ತಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು. ಎತ್ತಿಕೊಂಡು ಹೋಗಿ ಪಾಟಿಯ (ಮಕ್ಕಳು ಕಕ್ಕ, ಸುಸ್ಸು ಮಾಡಲು ಕೂರುವ ಪುಟ್ಟ ಪೀಠ) ಮೇಲೆ ಕೂರಿಸಿದರೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಿದ್ದಳು.

ನಾಲ್ಕು ದಿನ ಹೊಟ್ಟೆ ಕಟ್ಟಿದ ಮೇಲೆ ಮಕ್ಕಳ ವೈದ್ಯರ ಬಳಿಗೆ ಹೋದೆವು. ಮೊಬೈಲಿನಲ್ಲಿ ತೆಗೆದಿದ್ದ ಅರ್ಧ ನಿಮಿಷದ ವಿಡಿಯೊವನ್ನು ತೋರಿಸಿದೆ. ಅವರು ಎರಡು ಸಲ ನೋಡಿದರು. ‘ಅಮ್ಮಾ, ಇವಳು ಹೊರಗೆ ಹಾಕುವುದಕ್ಕೆ ತಿಣುಕುತ್ತಿಲ್ಲ. ಬರುತ್ತಿರುವುದನ್ನು ಬಿಗಿಹಿಡಿದು ನಿಲ್ಲಿಸುತ್ತಿದ್ದಾಳೆ’ ಎಂದರು.

ಆ ಒಂದು ಮಾತಿನಿಂದ ನಾನು ಅಲ್ಲಿಯವರೆಗೆ ತಿಳಿದುಕೊಂಡದ್ದೆಲ್ಲ ತಲೆಕೆಳಗಾಯಿತು. ತುದಿಗಾಲಲ್ಲಿ ನಿಲ್ಲುವುದು, ಕಾಲು ಹೆಣೆಯುವುದು, ಕುಂಡಿಯನ್ನು ಬಿಗಿಯುವುದು, ಮರೆಗೆ ಹೋಗುವುದು ಇವೆಲ್ಲ ತಡೆಹಿಡಿಯುವ ಭಂಗಿಗಳು. ಹೊರಹಾಕಬೇಕೆಂದಿರುವ ಮಗು ಮಂಡಿ ಮಡಿಸುತ್ತದೆ, ಕುಕ್ಕರಗಾಲಿನಲ್ಲಿ ಕೂರುತ್ತದೆ. ನೆಟ್ಟಗೆ ಸೆಟೆದು ನಿಂತ ಮಗು ಹೆದರಿದ ಮಗು. ಪಾಟಿಗೆ ಒಲ್ಲೆನೆನ್ನುವ ಮಕ್ಕಳಲ್ಲಿ ಬಹಳಷ್ಟನ್ನು ನಾವು ‘ಹಟ’ ಎಂಬ ಒಂದೇ ಮೂಟೆಗೆ ತುಂಬಿಬಿಡುತ್ತೇವೆ. ಆ ಮೂಟೆಯನ್ನು ಬಿಚ್ಚಿ ನೋಡಿದರೆ ಒಳಗೆ ಹೆಚ್ಚಾಗಿ ಸಿಗುವುದು ನೋವು, ಇಲ್ಲವೇ ಭಯ. ಮೊದಲು ಹೊಟ್ಟೆ ಸರಿಹೋಗಬೇಕು, ಪಾಟಿಯ ಪಾಠ ಆಮೇಲೆ. ಈ ಕ್ರಮ ತಿಳಿಯದೆ ನಾವು ಎರಡು ತಿಂಗಳು ಕಳೆದುಕೊಂಡೆವು. ಇನ್ನೊಂದು ಮನೆಯಲ್ಲಿ ಹಾಗಾಗಬಾರದೆಂದು ಬರೆಯುತ್ತಿದ್ದೇನೆ.

ಮೊದಲು ದೇಹ ಕೆಲಸ ಮಾಡುವ ರೀತಿಯನ್ನು ನೋಡೋಣ. ಹುಟ್ಟಿದ ಕೂಸಿನ ಮೂತ್ರಕೋಶ ಸ್ವಲ್ಪ ತುಂಬಿದರೆ ಸಾಕು, ತಾನಾಗಿ ಬರಿದಾಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಆದರೂ ಆಶ್ಚರ್ಯವಿಲ್ಲ. ಎರಡು ವರ್ಷದ ಹೊತ್ತಿಗೆ ಅದು ಸುಮಾರು 120 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ ದರ್ಶಿನಿಯಲ್ಲಿ ಕೊಡುವ ಒಂದು ಕಾಫಿ ಲೋಟದಷ್ಟು. ಅಷ್ಟು ಚಿಕ್ಕ ಪಾತ್ರೆಯಿಂದ ನಾವು ‘ಮನೆ ತಲುಪುವ ತನಕ ತಡೆದುಕೋ’ ಎಂದು ಕೇಳುತ್ತಿರುತ್ತೇವೆ. ಕೆಳಗೆ ದೊಡ್ಡ ಕರುಳಿನ ಕೊನೆಯಲ್ಲಿ ಗುದನಾಳವಿದೆ. ಅದರ ಬಾಗಿಲಿಗೆ ಉಂಗುರದಂಥ ಎರಡು ಸ್ನಾಯುಗಳ ಕಾವಲು. ಒಳಗಿನದು ನಮ್ಮ ಮಾತು ಕೇಳುವುದಿಲ್ಲ. ಗುದನಾಳ ತುಂಬಿ ಹಿಗ್ಗಿದಾಗ ತಾನೇ ಸಡಿಲವಾಗುತ್ತದೆ. ‘ಬಂತು’ ಎಂಬ ಸೂಚನೆ ಮಿದುಳಿಗೆ ಹೋಗುವುದು ಆಗಲೇ. ಹೊರಗಿನ ಉಂಗುರ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಬಿಗಿಹಿಡಿದರೆ ಮಲ ಹಿಂದಕ್ಕೆ ಸರಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸೂಚನೆಯೂ ಅಡಗುತ್ತದೆ.

ಈ ಹಿಡಿತ ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಎರಡೂವರೆ ವರ್ಷದ ನಡುವೆ ಕೂಡಿಬರುತ್ತದೆ, ಕೆಲವು ಮಕ್ಕಳಲ್ಲಿ ಇನ್ನೂ ನಿಧಾನವಾಗಿ. ದೊಡ್ಡವರಾದ ನಮಗೆ ಒಂದೇ ಕೆಲಸದಂತೆ ಕಾಣುವುದು ಮಗುವಿನ ಪಾಲಿಗೆ ನಾಲ್ಕು ಕೆಲಸ. ಬರುತ್ತಿದೆ ಎಂದು ಗುರುತಿಸಬೇಕು. ಆಟ ನಿಲ್ಲಿಸಿ ಹಿಡಿದುಕೊಳ್ಳಬೇಕು. ನಡೆದು ಹೋಗಿ ಚಡ್ಡಿ ಇಳಿಸಬೇಕು. ಕೊನೆಗೆ, ಇಲ್ಲಿಯವರೆಗೆ ಹಿಡಿದುಕೊಂಡಿದ್ದನ್ನು ಬೇಕೆಂದೇ ಸಡಿಲ ಬಿಡಬೇಕು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ. ಹತ್ತು ನಿಮಿಷ ಪಾಟಿಯ ಮೇಲೆ ಕುಳಿತು ಏನೂ ಮಾಡದೆ ಎದ್ದು, ಎದ್ದ ಮರುಕ್ಷಣವೇ ನೆಲದ ಮೇಲೆ ಸುಸ್ಸು ಮಾಡುವ ಮಗುವನ್ನು ನೋಡಿ ‘ಬೇಕೆಂದೇ ಮಾಡುತ್ತಿದೆ’ ಎನ್ನುತ್ತೇವಲ್ಲ, ನಿಜಕ್ಕೂ ಆಗಿರುವುದು ಬೇರೆ. ಕುಳಿತಷ್ಟು ಹೊತ್ತೂ ಮೈ ಬಿಗಿದಿತ್ತು, ಎದ್ದಾಗ ಸಡಿಲವಾಯಿತು. ಹಿಡಿಯುವುದನ್ನು ಕಲಿತಿದೆ, ಬಿಡುವುದನ್ನು ಇನ್ನೂ ಕಲಿತಿಲ್ಲ.

ಇದಕ್ಕೆ ನೋವು ಸೇರಿಕೊಂಡರೆ ಕಥೆ ಬೇರೆಯೇ ಆಗುತ್ತದೆ. ಜ್ವರ ಬಂದು ಎರಡು ದಿನ ಸರಿಯಾಗಿ ನೀರು ಕುಡಿದಿರುವುದಿಲ್ಲ, ಅಥವಾ ಊರಿಗೆ ಹೋಗಿ ಬಂದು ಊಟದ ಹೊತ್ತು ಏರುಪೇರಾಗಿರುತ್ತದೆ. ಮಲ ಗಟ್ಟಿಯಾಗುತ್ತದೆ, ಹೊರಬರುವಾಗ ಚರ್ಮ ಸೀಳಿ ಉರಿಯುತ್ತದೆ. ಎರಡೂವರೆ ವರ್ಷದ ಮಗುವಿಗೆ ಅದರಿಂದ ಹೊಳೆಯುವುದು ಒಂದೇ: ಇನ್ನು ಮುಂದೆ ಅದನ್ನು ಹೊರಗೆ ಬಿಡಬಾರದು. ಹಾಗಾಗಿ ಹಿಡಿಯುತ್ತದೆ. ಆದರೆ ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಒಳಗೆ ನಿಂತಷ್ಟೂ ಮಲ ಒಣಗಿ ದಪ್ಪವಾಗುತ್ತಾ ಹೋಗುತ್ತದೆ. ಮುಂದಿನ ಸಲ ಇನ್ನೂ ಹೆಚ್ಚು ನೋವು, ಅದರ ಮುಂದಿನ ಸಲ ಇನ್ನೂ ಬಿಗಿಯಾದ ಹಿಡಿತ. ದಿನಗಟ್ಟಲೆ ಹೀಗಾದರೆ ಗುದನಾಳ ಹಿಗ್ಗಿ ಜೋಲುಬೀಳುತ್ತದೆ, ಜೋಲುಬಿದ್ದ ಮೇಲೆ ತುಂಬಿದ್ದೂ ತಿಳಿಯುವುದಿಲ್ಲ. ಆ ಹಂತದಲ್ಲಿ ಮಗು ‘ನನಗೆ ಕಕ್ಕ ಬರುತ್ತಿಲ್ಲ’ ಎಂದು ಹೇಳಿದರೆ ಅದು ಸುಳ್ಳಲ್ಲ.

ಇನ್ನೊಂದು ಸಂಗತಿ ಬಹಳ ಮನೆಗಳಲ್ಲಿ ದಾರಿ ತಪ್ಪಿಸುತ್ತದೆ. ಗಟ್ಟಿಯಾದ ಉಂಡೆ ಒಳಗೆ ಕುಳಿತಿರುವಾಗ ಅದರ ಪಕ್ಕದಿಂದ ತೆಳುವಾದ ಮಲ ಜಿನುಗಿ ಚಡ್ಡಿಗೆ ಅಂಟುತ್ತದೆ. ನೋಡಿದವರಿಗೆ ಭೇದಿಯಂತೆ ಕಾಣುತ್ತದೆ. ಭೇದಿ ನಿಲ್ಲಲೆಂದು ಬರೀ ಮಜ್ಜಿಗೆ ಅನ್ನ ಹಾಕಿ, ಹಣ್ಣು ತರಕಾರಿ ನಿಲ್ಲಿಸುತ್ತೇವೆ, ಕಟ್ಟಿದ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ. ತುಂಬಿದ ಗುದನಾಳ ಮುಂದಿರುವ ಮೂತ್ರಕೋಶವನ್ನು ಒತ್ತುವುದರಿಂದ ಸುಸ್ಸು ಕೂಡ ಪದೇ ಪದೇ ಜಾರುತ್ತದೆ. ಸುಸ್ಸು ಪಾಟಿಯಲ್ಲೇ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಚಡ್ಡಿ ಒದ್ದೆ ಮಾಡಿಕೊಳ್ಳತೊಡಗಿದರೆ ಮೊದಲು ಕೇಳಬೇಕಾದದ್ದು ಕಕ್ಕ ಸರಿಯಾಗಿ ಆಗುತ್ತಿದೆಯೇ ಎಂದು.

ಇದಕ್ಕೆ ಪರಿಹಾರವಿದೆ, ತಾಳ್ಮೆ ಬೇಕು ಅಷ್ಟೇ. ಊಟದಿಂದ ಶುರು ಮಾಡೋಣ. ನಮ್ಮ ಮನೆಯಲ್ಲಿ ಮೊದಲು ಕಡಿಮೆ ಮಾಡಿದ್ದು ಹಾಲು. ‘ಊಟ ಮಾಡದಿದ್ದರೆ ಹಾಲಾದರೂ ಕುಡಿಯಲಿ’ ಎಂದು ಬಾಟಲಿಯ ಮೇಲೆ ಬಾಟಲಿ ಕೊಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿದ ಮಗುವಿಗೆ ಬೇರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ಮಲಬದ್ಧತೆಯ ಜೊತೆಗೆ ಕಬ್ಬಿಣದ ಕೊರತೆಯೂ ಬರಬಹುದು. ಹಾಲು ಇಳಿದ ಜಾಗಕ್ಕೆ ಪರಂಗಿಹಣ್ಣು, ರಾತ್ರಿ ನೆನೆಸಿ ಬೆಳಗ್ಗೆ ಕಿವುಚಿದ ಒಣದ್ರಾಕ್ಷಿ, ಸೊಪ್ಪಿನ ಬಸ್ಸಾರು, ಹುರುಳಿಕಾಯಿ ಪಲ್ಯ, ರಾಗಿ ಬಂದವು. ಮೈದಾದ ಬಿಸ್ಕತ್ತು ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದೆವು.

ಆದರೆ ಈಗಾಗಲೇ ಕಟ್ಟಿಕೊಂಡ ಹೊಟ್ಟೆ ಊಟದಿಂದ ಮಾತ್ರ ಬಿಡುವುದಿಲ್ಲ. ಒಳಗಿನದು ಮೊದಲು ಖಾಲಿಯಾಗಬೇಕು, ಆಮೇಲೆ ತಿಂಗಳುಗಟ್ಟಲೆ ಮೆತ್ತಗೆ ಇರಬೇಕು. ಅದಕ್ಕೆ ಮಕ್ಕಳ ವೈದ್ಯರು ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಸಿರಪ್ಪನ್ನೋ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನೋ ಬರೆಯುತ್ತಾರೆ. ಇವು ಕರುಳನ್ನು ಕೆರಳಿಸುವ ಜುಲಾಬಲ್ಲ. ನೀರನ್ನು ಮಲದಲ್ಲೇ ಹಿಡಿದಿಟ್ಟು ಅದು ಗಟ್ಟಿಯಾಗದಂತೆ ನೋಡಿಕೊಳ್ಳುತ್ತವೆ, ಕರುಳಿಗೆ ಚಟ ಹಿಡಿಸುವುದಿಲ್ಲ. ಇಲ್ಲಿ ಹೆತ್ತವರು ಎಡವುವುದು ಒಂದೇ ಕಡೆ. ವಾರ ಕಳೆದು ಎರಡು ಸಲ ಸಲೀಸಾಗಿ ಆದ ಕೂಡಲೇ ‘ಸರಿಹೋಯಿತು, ಮಗುವಿಗೆ ಸುಮ್ಮನೆ ಔಷಧ ಯಾಕೆ’ ಎಂದು ನಿಲ್ಲಿಸಿಬಿಡುತ್ತೇವೆ. ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಬರುವುದಕ್ಕೂ, ‘ಈಗ ನೋವಾಗುವುದಿಲ್ಲ’ ಎಂದು ಮಗು ನಂಬುವುದಕ್ಕೂ ಕಾಲ ಬೇಕು. ಕನಿಷ್ಠ ಎರಡು ತಿಂಗಳು ಕೊಟ್ಟು, ಆಮೇಲೆ ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸುವುದು ಈ ಚಿಕಿತ್ಸೆಯ ಪದ್ಧತಿ.

ಅತ್ತೆ ಒಂದು ದಿನ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಸಿದ್ಧವಾಗಿ ಬಂದರು. ಅವರ ಕಾಲದಲ್ಲಿ ಹೊಟ್ಟೆ ಕಟ್ಟಿದ ಕೂಸಿಗೆ ಹಿಂಬದಿಯಿಂದ ತೊಟ್ಟು ಸೋಕಿಸುವುದು ಮನೆಮನೆಯ ಮದ್ದು. ಅವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಜಾಗವನ್ನೇ ಯಾರೂ ಮುಟ್ಟದಂತೆ ಹಗಲಿರುಳು ಕಾಯುತ್ತಿರುವ ಮಗುವಿಗೆ ಅದು ಇನ್ನೊಂದು ಗಾಯ. ‘ಅತ್ತೆ, ಅವಳಿಗೆ ಅಲ್ಲಿ ಭಯ ಕೂತಿದೆ. ಮುಟ್ಟುವುದು ಬೇಡ, ಬಾಯಿಂದ ಕೊಡುವ ಔಷಧವೇ ಸಾಕು’ ಎಂದೆ. ಅವರು ತೊಟ್ಟನ್ನು ಬಿಸಾಡಿ, ಹರಳೆಣ್ಣೆಯನ್ನು ಅವಳ ಅಂಗಾಲಿಗೆ ತಿಕ್ಕುತ್ತಾ ಕುಳಿತರು. ಅವಳು ಅಲ್ಲೇ ನಿದ್ದೆ ಹೋದಳು.

ಅತ್ತೆಯ ಇನ್ನೊಂದು ಮಾತನ್ನೂ ಇಲ್ಲಿ ನ್ಯಾಯವಾಗಿ ತೂಗಬೇಕು. ‘ನಮ್ಮ ಮಕ್ಕಳು ವರ್ಷ ತುಂಬುವುದರೊಳಗೆ ಕಲಿತಿದ್ದರು’ ಎನ್ನುತ್ತಾರೆ ಎಲ್ಲ ಅಜ್ಜಿಯರೂ. ಅದು ಬರೀ ಮಾತಲ್ಲ. ಎರಡೂ ಕಾಲು ಚಾಚಿ ಕುಳಿತು, ಪಾದಗಳ ಸಂದಿನಲ್ಲಿ ಕೂಸನ್ನು ಕೂರಿಸಿ, ‘ಸ್ಸ್‌ಸ್ಸ್’ ಎಂದು ಸದ್ದು ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಕೀನ್ಯಾದ ಕರಾವಳಿಯ ಡಿಗೋ ಸಮುದಾಯದ ತಾಯಂದಿರು ಹೆಚ್ಚುಕಡಿಮೆ ಇದನ್ನೇ, ಹೀಗೆಯೇ ಸದ್ದು ಮಾಡುತ್ತಾ, ಹುಟ್ಟಿದ ಕೆಲವು ವಾರಗಳಿಂದಲೇ ಮಾಡುತ್ತಾರೆಂದೂ, ಅಲ್ಲಿನ ಕೂಸುಗಳು ಐದಾರು ತಿಂಗಳಿಗೇ ಒದ್ದೆ ಮಾಡಿಕೊಳ್ಳುವುದನ್ನು ಬಿಡುತ್ತವೆಂದೂ 1977ರಲ್ಲಿ ಡಿವ್ರೀಸ್ ದಂಪತಿ ಬರೆದರು. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳನ್ನು ಗಮನಿಸಿ ಬರೆದಾಗ, ಒತ್ತಾಯವಿಲ್ಲದೆ ಮಗುವಿನ ಲಯಕ್ಕೆ ಬಿಟ್ಟರೆ ಹಗಲಿನ ಹಿಡಿತ ಬರುವುದು ಸರಾಸರಿ 28 ತಿಂಗಳು ದಾಟಿದ ಮೇಲೆ ಎಂದು ಕಂಡಿತು.

ಇವೆರಡೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಅಜ್ಜಿಯ ಪದ್ಧತಿಯಲ್ಲಿ ಹೊತ್ತು ಗುರುತಿಸುವವರು ದೊಡ್ಡವರು. ಕೂಸು ಸದ್ದಿಗೆ, ಭಂಗಿಗೆ ಒಗ್ಗಿಕೊಳ್ಳುತ್ತದೆ. ಅದಕ್ಕೆ ದಿನವಿಡೀ ಮೈಗೆ ಮೈ ತಾಗಿ ಇರುವ ಒಬ್ಬರು ಬೇಕು, ತೊಳೆಯಬಹುದಾದ ನೆಲ ಬೇಕು, ಒಣಗಿಸಲು ಬಿಸಿಲು ಬೇಕು. ಬ್ರೇಜಲ್ಟನ್ ಎಣಿಸಿದ್ದು ಮಗು ತಾನೇ ತಿಳಿದು ತಾನೇ ಹೋಗುವುದನ್ನು. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು, ಸಿಲ್ಕ್ ಬೋರ್ಡಿನ ವಾಹನದಟ್ಟಣೆ ದಾಟಿ ಕಚೇರಿ ಸೇರಿ, ಸಂಜೆ ಏಳಕ್ಕೆ ಮರಳುವ ತಂದೆ ತಾಯಿಗೆ ಮೊದಲನೆಯದು ಕೈಗೂಡುವುದು ಕಷ್ಟ. ಡೈಪರ್ ಬಂದದ್ದು ಆ ಕಷ್ಟಕ್ಕೆ. ಅದರ ದೋಷವೊಂದೇ: ಒದ್ದೆಯನ್ನು ಹೀರಿಕೊಂಡು ಮಗುವಿಗೆ ‘ಈಗ ಏನೋ ಆಯಿತು’ ಎಂಬ ಅರಿವನ್ನೇ ಬರಗೊಡುವುದಿಲ್ಲ. ಹಾಗಾಗಿ ಮನೆಯಲ್ಲಿರುವ ಹೊತ್ತಿನಲ್ಲಾದರೂ ಹತ್ತಿ ಚಡ್ಡಿ ಹಾಕುವುದು ಒಳ್ಳೆಯದು. ಒದ್ದೆಯಾದದ್ದು ತೊಡೆಗೆ ತಿಳಿಯಲಿ.

ಮಗು ಸಿದ್ಧವಾಗಿದೆಯೇ ಎಂದು ನೋಡಲು ಹೆಚ್ಚಿನದೇನೂ ಬೇಡ. ಎರಡು ಗಂಟೆ ಒಣಗಿರುತ್ತದೆಯೇ, ತಾನೇ ನಡೆದು ಹೋಗಿ ಕೂರಬಲ್ಲದೇ, ‘ಚೆಂಡು ತೆಗೆದುಕೊಂಡು ಅಜ್ಜಿಗೆ ಕೊಡು’ ಎಂಬಂಥ ಮಾತು ಅರ್ಥವಾಗುತ್ತದೆಯೇ, ಚಡ್ಡಿ ಇಳಿಸಲು ಬರುತ್ತದೆಯೇ. ಮರೆಗೆ ಹೋಗಿ ನಿಲ್ಲುವುದೂ ಒಂದು ಗುರುತೇ. ಬರುತ್ತಿರುವುದು ಅದಕ್ಕೆ ಗೊತ್ತಾಗುತ್ತಿದೆ ಎಂದರ್ಥ.

ಈಗ ಬಚ್ಚಲುಮನೆಯನ್ನು ಮಗುವಿನ ಎತ್ತರದಿಂದ ನೋಡಿ. ಬೆಂಗಳೂರಿನ ಹೊಸ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಇರುವುದು ಪಾಶ್ಚಾತ್ಯ ಕಮೋಡ್. ಮಗುವಿನ ಕಣ್ಣಿಗೆ ಅದು ತನ್ನ ಎದೆಯೆತ್ತರದ ಬಾವಿ. ಹತ್ತಿ ಕುಳಿತರೆ ಕಾಲು ಜೋತಾಡುತ್ತದೆ, ಕುಂಡಿ ಒಳಗೆ ಜಾರುತ್ತದೆ. ಬೀಳದಿರಲು ತೊಡೆ, ಹೊಟ್ಟೆ ಎಲ್ಲವನ್ನೂ ಬಿಗಿಯುತ್ತದೆ. ಬಿಗಿದ ಮೈಯಿಂದ ಏನೂ ಹೊರಬರುವುದಿಲ್ಲ. ಗುದನಾಳವನ್ನು ಒಂದು ಸ್ನಾಯುಪಟ್ಟಿ ಮುಂದಕ್ಕೆ ಎಳೆದು ಕೊಳವೆಯನ್ನು ಮಡಿಸಿಟ್ಟಿರುತ್ತದೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದಾಗ ಆ ಪಟ್ಟಿ ಸಡಿಲಗೊಂಡು ದಾರಿ ನೇರವಾಗುತ್ತದೆ. ನಮ್ಮ ಹಳೆಯ ಕುಕ್ಕರಗಾಲಿನ ಭಂಗಿ ಸಲೀಸಾಗಿರುವುದು ಇದರಿಂದಲೇ.

ಆದ್ದರಿಂದ ನೆಲಕ್ಕೆ ತಾಗಿ ಕೂರುವ ಸಣ್ಣ ಪಾಟಿ ಒಳ್ಳೆಯದು. ಕಮೋಡೇ ಆಗಬೇಕಾದರೆ ಮೇಲೆ ಮಕ್ಕಳ ಸೀಟು, ಕಾಲ ಕೆಳಗೆ ಒಂದು ಎತ್ತರದ ಆಸರೆ. ನಾವು ಇಟ್ಟದ್ದು ಅತ್ತೆಯ ಹಳೆಯ ಹಲಸಿನ ಮಣೆಗಳನ್ನು, ಒಂದರ ಮೇಲೊಂದು ಎರಡು, ಜಾರದಂತೆ ರಬ್ಬರ್ ಹಾಳೆಯ ಮೇಲೆ. ಕಾಲಿಗೆ ನೆಲೆ ಸಿಕ್ಕಿದ ದಿನ ಅವಳ ಭುಜ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿಯವರೆಗೆ ನನ್ನ ಕುತ್ತಿಗೆಯನ್ನು ಹಿಡಿದಿದ್ದ ಕೈ ಬಿಟ್ಟು, ಮಣೆಯ ಮೇಲೆ ಹೆಬ್ಬೆರಳನ್ನು ಆಡಿಸತೊಡಗಿದಳು. ಹಳ್ಳಿಮನೆಯಲ್ಲಿ ಅಥವಾ ಹಳೆಯ ವಠಾರದ ಮನೆಯಲ್ಲಿ ಭಾರತೀಯ ಶೈಲಿಯ ಕಕ್ಕಸು ಇದ್ದರೆ ಭಂಗಿ ಸರಿಯಾಗಿಯೇ ಇರುತ್ತದೆ, ಆದರೆ ಗುಂಡಿ ಮಗುವಿನ ಕಾಲಳತೆಗೆ ಅಗಲ. ಹಿಂದಿನಿಂದ ಹಿಡಿದುಕೊಳ್ಳುವವರು ಬೇಕು.

ಫ್ಲಶ್‌ನ ಸದ್ದು ಇನ್ನೊಂದು ಭಯ. ತನ್ನ ಮೈಯಿಂದ ಬಂದದ್ದು ಗುಡುಗಿನೊಂದಿಗೆ ಮಾಯವಾಗುವುದನ್ನು ಕಂಡ ಮಗು ತಾನೂ ಹಾಗೆ ಹೋಗಿಬಿಡಬಹುದೆಂದು ನಿಜವಾಗಿಯೇ ಹೆದರುತ್ತದೆ. ಅದು ಕುಳಿತಿರುವಾಗ ಫ್ಲಶ್ ಮಾಡಬೇಡಿ. ಎದ್ದು, ಬೇಕಾದರೆ ಬಾಗಿಲಾಚೆ ನಿಂತ ಮೇಲೆ ಮಾಡಿ. ಧೈರ್ಯ ಬಂದಾಗ ಫ್ಲಶ್ ಒತ್ತುವುದನ್ನು ಅದರ ಕೈಗೇ ಕೊಡಿ. ತೊಳೆಯುವ ಪೈಪಿನ ತಣ್ಣೀರು ಡಿಸೆಂಬರ್ ಬೆಳಗಿನಲ್ಲಿ ಬೆನ್ನಿಗೆ ಚುಚ್ಚಿದಂತಾಗುತ್ತದೆ. ಒಂದು ಚೊಂಬು ಉಗುರುಬೆಚ್ಚಗಿನ ನೀರು ಇಟ್ಟುಕೊಂಡರೆ ಮುಗಿಯಿತು. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನು ಮೊದಲ ದಿನದಿಂದಲೇ ರೂಢಿಸಬೇಕು. ಮೂತ್ರದ ಸೋಂಕನ್ನು ದೂರವಿಡುವ ಸರಳ ಉಪಾಯವದು.

ಇಷ್ಟಾದರೂ ಒಲ್ಲೆನೆಂದರೆ? ನಿಲ್ಲಿಸಿಬಿಡಿ. ಕೇಳಲು ವಿಚಿತ್ರ ಎನಿಸಬಹುದು, ಆದರೆ ಹೆದರಿದ ಮಗುವಿನೊಂದಿಗೆ ಗುದ್ದಾಡುವ ಬದಲು ಕೆಲವು ವಾರ ಪಾಟಿಯ ಮಾತನ್ನೇ ಎತ್ತದಿರುವುದು ಹೆಚ್ಚು ಫಲ ಕೊಡುತ್ತದೆ. ಮಗುವಿನ ಬದುಕಿನಲ್ಲಿ ಊಟ, ಬಟ್ಟೆ, ನಿದ್ದೆ ಎಲ್ಲವೂ ನಮ್ಮ ಕೈಯಲ್ಲಿವೆ. ಈ ಒಂದು ಬಾಗಿಲಿನ ಬೀಗ ಮಾತ್ರ ಅದರ ಕೈಯಲ್ಲಿದೆ, ನಾವು ಕಸಿಯಲು ಹೋದಷ್ಟೂ ಅದು ಗಟ್ಟಿಯಾಗಿ ಹಿಡಿಯುತ್ತದೆ. ‘ಬರುತ್ತಿದೆಯಾ? ಬರುತ್ತಿದೆಯಾ?’ ಎಂದು ಗಂಟೆಗೊಮ್ಮೆ ಕೇಳುವುದನ್ನು ನಾವು ಬಿಟ್ಟೆವು. ಬಿಟ್ಟ ಮೇಲೆ ಮನೆ ಎಷ್ಟು ಹಗುರವಾಯಿತೆಂದರೆ, ಅಷ್ಟು ದಿನ ಎಷ್ಟು ಸಲ ಕೇಳುತ್ತಿದ್ದೆವೆಂಬುದು ಆಗ ಅರಿವಾಯಿತು.

ಕಕ್ಕಕ್ಕೆ ಡೈಪರೇ ಬೇಕೆಂದರೆ ಕೊಡಿ. ಸುಸ್ಸು ಪಾಟಿಯಲ್ಲಿ, ಕಕ್ಕ ಮಾತ್ರ ಡೈಪರಿನಲ್ಲಿ ಎನ್ನುವ ಮಕ್ಕಳು ಅಪರೂಪವಲ್ಲ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಐದರಲ್ಲಿ ಒಂದು ಮಗು ಕನಿಷ್ಠ ಒಂದು ತಿಂಗಳಾದರೂ ಹೀಗೆ ಮಾಡಿತ್ತು. ಡೈಪರನ್ನೂ ಕಿತ್ತುಕೊಂಡರೆ ಮಗುವಿಗೆ ಉಳಿಯುವ ದಾರಿ ತಡೆಹಿಡಿಯುವುದೊಂದೇ. ಡೈಪರ್ ಕೊಟ್ಟು ಜಾಗವನ್ನು ಮಾತ್ರ ಮೆಲ್ಲನೆ ಬದಲಿಸುತ್ತಾ ಹೋಗಬೇಕು. ನಮ್ಮ ಮಗಳು ಪರದೆಯ ಹಿಂದಿನಿಂದ ಬಚ್ಚಲುಮನೆಯ ಬಾಗಿಲಿನ ಹಿಂದಕ್ಕೆ ಬರಲು ಒಂಬತ್ತು ದಿನ ಬೇಕಾಯಿತು. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿಯ ಮೇಲೆ ಕುಳಿತಳು. ಮುಂದೆ ಡೈಪರ್ ಸಡಿಲ, ಅದರ ಮುಂದೆ ಡೈಪರಿನ ತಳದಲ್ಲಿ ಕತ್ತರಿಯಿಂದ ಒಂದು ತೂತು. ತೂತು ದಿನದಿನಕ್ಕೆ ದೊಡ್ಡದಾಗುತ್ತಾ ಹೋಯಿತು, ಕೊನೆಗೆ ಸೊಂಟದ ಪಟ್ಟಿಯಷ್ಟೇ ಉಳಿಯಿತು.

ಡೈಪರಿನಲ್ಲಿ ಆದದ್ದನ್ನು ಮಗುವಿನ ಕಣ್ಣೆದುರೇ ಕಮೋಡಿಗೆ ಸುರಿದು ‘ಕಕ್ಕ ತನ್ನ ಮನೆಗೆ ಹೋಯಿತು’ ಎಂದು ತೋರಿಸುವುದೂ ಪಾಠವೇ. ಮಲವನ್ನು ಸುರಿಯದೆ ಡೈಪರನ್ನು ಹಾಗೆಯೇ ಕಸಕ್ಕೆ ಹಾಕುವುದು ಹೇಗೂ ಸರಿಯಲ್ಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶವಾದ ಮೇಲೆ ಬೆಂಗಳೂರಿನ ಮನೆಗಳಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ, ಡೈಪರಿನಂಥವಕ್ಕೆ ಕೆಂಪು ಬುಟ್ಟಿ ಎಂಬ ಪದ್ಧತಿ ಬಂದಿದೆ. ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಟ್ಟರೆ ಪೌರಕಾರ್ಮಿಕರು ಅದನ್ನು ಬಿಚ್ಚಿ ನೋಡುವ ಪಾಡು ತಪ್ಪುತ್ತದೆ. ಆ ಕೆಂಪು ಗೆರೆ ಎಳೆಯುವ ಕೆಲಸವನ್ನು ನಮ್ಮ ಮಗಳು ತನ್ನದಾಗಿಸಿಕೊಂಡಿದ್ದಳು.

ಮತ್ತೆ ಶುರು ಮಾಡುವಾಗ ಹೊತ್ತನ್ನು ದೇಹವೇ ತೋರಿಸಿಕೊಡುತ್ತದೆ. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಅಲುಗುತ್ತದೆ. ಊಟವಾಗಿ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಪಾಟಿಯ ಮೇಲೆ ಕೂರಿಸಿ, ಐದು ನಿಮಿಷ ಸಾಕು. ಕಥೆ ಹೇಳಿ, ಗುಳ್ಳೆ ಊದಿಸಿ. ಊದುವಾಗ ಹೊಟ್ಟೆ ತಾನಾಗಿ ಒತ್ತುತ್ತದೆ. ಮೊಬೈಲ್ ಕೊಟ್ಟರೆ ಮಗು ಕುಳಿತಿರುತ್ತದೆ, ಆದರೆ ಮೈಯ ಸೂಚನೆಯನ್ನು ಕೇಳಿಸಿಕೊಳ್ಳುವುದಿಲ್ಲ. ಕುಳಿತದ್ದನ್ನು ಮೆಚ್ಚಿಕೊಳ್ಳಿ, ಮಾಡಿದ್ದಕ್ಕೆ ಬಹುಮಾನ ಕಟ್ಟಬೇಡಿ. ತಡೆಹಿಡಿಯುವ ಮಗುವಿಗೆ ಬಹುಮಾನವೂ ಒತ್ತಡವೇ.

ನಮ್ಮ ಮನೆಗಳಲ್ಲಿ ಕಾಣದೆ ಕೆಲಸ ಮಾಡುವ ಒಂದು ಅಕ್ಷರವಿದೆ: ‘ಛೀ’. ಡೈಪರ್ ಬಿಚ್ಚುವಾಗ ಮೂಗು ಮುಚ್ಚಿ ‘ಛೀ ಛೀ, ಗಲೀಜು’ ಎಂದು ನಗುತ್ತೇವೆ. ನಮಗದು ಮುದ್ದು, ಮಗುವಿಗೆ ಅದು ತೀರ್ಪು. ತನ್ನೊಳಗಿನದು ಹೇಸಿಗೆ ಎಂದು ಕೇಳಿಸಿಕೊಂಡ ಮಗು ಅದನ್ನು ಎಲ್ಲರೆದುರು ಹೊರಹಾಕಲು ಯಾಕೆ ಒಪ್ಪೀತು? ನೆಂಟರು ಬಂದಾಗ ‘ಇಷ್ಟು ದೊಡ್ಡವಳಾದರೂ ಇನ್ನೂ ಚಡ್ಡಿಯಲ್ಲೇ’ ಎನ್ನುವುದು, ಪಕ್ಕದ ಮನೆಯ ಮಗುವನ್ನು ತೋರಿಸಿ ಹೋಲಿಸುವುದು, ಪಾಟಿಯ ಮೇಲೆ ಕುಳಿತ ವಿಡಿಯೊವನ್ನು ಕುಟುಂಬದ ಗುಂಪಿಗೆ ಕಳಿಸುವುದು, ಇವು ಯಾವುವೂ ಬೇಡ. ನಮ್ಮ ಮನೆಯಲ್ಲಿ ‘ಛೀ’ ಹೋಗಿ ‘ಆಯಿತಾ ಕಂದ, ಬಾ ತೊಳೆಯೋಣ’ ಬಂತು. ಅತ್ತೆಯೂ ಬದಲಿಸಿಕೊಂಡರು, ಎಪ್ಪತ್ತರ ವಯಸ್ಸಿನಲ್ಲಿ ಒಂದು ಪದವನ್ನು ನಾಲಗೆಯಿಂದ ಕೀಳುವುದು ಸುಲಭವಲ್ಲ, ಅವರಿಗೆ ನಾನು ಋಣಿ.

ಪದಗಳ ಮಾತು ಬಂದಿತಲ್ಲ, ಬೆಂಗಳೂರಿಗೆ ವಿಶೇಷವಾದ ತೊಡಕೊಂದಿದೆ. ಅಜ್ಜಿ ‘ಎರಡಕ್ಕೆ ಹೋಗಬೇಕಾ’ ಎನ್ನುತ್ತಾರೆ, ನಾವು ‘ಕಕ್ಕ’ ಎನ್ನುತ್ತೇವೆ, ಶಿಶುವಿಹಾರದಲ್ಲಿ ‘ಪಾಟಿ’, ನೋಡಿಕೊಳ್ಳುವ ಅಕ್ಕನ ಮಾತೃಭಾಷೆ ತೆಲುಗು. ತುರ್ತು ಬಂದ ಮಗುವಿಗೆ ನಾಲ್ಕರಲ್ಲಿ ಯಾವ ಪದ ಯಾರಿಗೆ ಎಂದು ಹುಡುಕುವ ಹೊತ್ತಿಗೆ ಚಡ್ಡಿ ಒದ್ದೆಯಾಗಿರುತ್ತದೆ. ಎಲ್ಲರೂ ಕೂತು ಎರಡೇ ಪದಗಳನ್ನು ಗೊತ್ತು ಮಾಡಿಕೊಳ್ಳಿ, ಶಾಲೆಯ ಆಯಾಗೂ ಅವನ್ನೇ ಹೇಳಿ. ಪದದ ಜೊತೆಗೆ ಒಂದು ಕೈಸನ್ನೆ ಇದ್ದರೆ ಇನ್ನೂ ಒಳ್ಳೆಯದು.

ಶಾಲೆಯೆಂದರೆ ಜೂನ್. ಡೈಪರ್ ಬಿಟ್ಟಿರಬೇಕೆಂದು ಹೇಳುವ ಶಾಲೆಗಳಿವೆ, ಆ ಗಡುವಿನ ಬಿಸಿ ಮೇ ತಿಂಗಳಲ್ಲಿ ಮಗುವಿಗೆ ತಟ್ಟುತ್ತದೆ. ನನ್ನ ಸಲಹೆ ಇಷ್ಟು: ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಶುರು ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಗು ಬರೀ ಚಡ್ಡಿಯಲ್ಲಿ ಓಡಾಡಬಹುದು, ಒಗೆದದ್ದು ಎರಡು ಗಂಟೆಯಲ್ಲಿ ಒಣಗುತ್ತದೆ, ಮಳೆ ಹಿಡಿದ ಮೇಲೆ ಎರಡಕ್ಕೂ ಕಷ್ಟ. ಆದರೂ ಜೂನ್ ಒಳಗೆ ಆಗದಿದ್ದರೆ ಶಾಲೆಯವರೊಂದಿಗೆ ಬಿಚ್ಚುಮನಸ್ಸಿನಿಂದ ಮಾತನಾಡಿ, ಮಗುವಿನ ಮೇಲೆ ಹಾಕಬೇಡಿ. ತಮ್ಮನೋ ತಂಗಿಯೋ ಹುಟ್ಟುವ ತಿಂಗಳು, ಮನೆ ಬದಲಿಸುವ ತಿಂಗಳು ಇದಕ್ಕೆ ಕೈ ಹಾಕದಿರುವುದು ಮೇಲು. ಕಲಿತ ಮಗುವೂ ಆಗ ಹಿಂದಕ್ಕೆ ಹೋಗುವುದುಂಟು, ಮತ್ತೆ ತಾನೇ ಬರುತ್ತದೆ. ಲಾಲ್‌ಬಾಗಿಗೆ ಹೋಗಲಿ, ಊರಿಗೆ ಹೋಗಲಿ, ಮಡಚುವ ಪಾಟಿ ಮತ್ತು ಎರಡು ಜೊತೆ ಚಡ್ಡಿ ಜೊತೆಗಿರಲಿ. ಹೊರಗಿನ ಶೌಚಾಲಯದ ವಾಸನೆಗೆ ಹೆದರಿ ಮಗು ಮತ್ತೆ ತಡೆಹಿಡಿಯುವುದು ಬೇಡ.

ಕೆಲವು ಸಂದರ್ಭಗಳಲ್ಲಿ ಮನೆಮದ್ದಿಗೆ, ಕಾಯುವುದಕ್ಕೆ ಹೊತ್ತು ಕೊಡಬಾರದು. ಮಲದಲ್ಲಿ ರಕ್ತ, ಊದಿದ ಗಟ್ಟಿ ಹೊಟ್ಟೆ, ವಾಂತಿ, ತೂಕ ಏರದಿರುವುದು, ಸುಸ್ಸು ಮಾಡುವಾಗ ಅಳುವುದು, ಕಾರಣ ತಿಳಿಯದ ಜ್ವರ, ಸುಸ್ಸು ಸದಾ ತೊಟ್ಟಿಕ್ಕುತ್ತಿರುವುದು, ನಡಿಗೆಯಲ್ಲಿ ಬದಲಾವಣೆ ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರಿಗೆ ತೋರಿಸಿ. ಹುಟ್ಟಿದ ಎರಡು ದಿನದೊಳಗೆ ಮೊದಲ ಕಪ್ಪು ಮಲ ಆಗಿರದೆ, ಅಂದಿನಿಂದಲೂ ಹೊಟ್ಟೆ ಕಟ್ಟುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ಕರುಳಿನ ಕೊನೆಯಲ್ಲಿ ನರಗಳೇ ಇಲ್ಲದ ಹುಟ್ಟುದೋಷವೊಂದಿದೆ, ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು.

ರಾತ್ರಿಯದು ಬೇರೆಯೇ ವಿಷಯ, ಅದನ್ನು ಹಗಲಿನೊಂದಿಗೆ ಬೆರೆಸಬೇಡಿ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನಿನ ಲಯ ಕೂಡಬೇಕು, ತುಂಬಿದ ಮೂತ್ರಕೋಶ ಮಗುವನ್ನು ಎಬ್ಬಿಸಬೇಕು; ಎರಡೂ ಕಲಿಸಿ ಬರುವುದಲ್ಲ. ಐದು ವರ್ಷ ತುಂಬಿದ ಮಕ್ಕಳಲ್ಲೂ ನೂರಕ್ಕೆ ಹದಿನೈದರಷ್ಟು ಹಾಸಿಗೆ ಒದ್ದೆ ಮಾಡುತ್ತವೆ. ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಹಾಗಾಗಿದ್ದರೆ ಮಗುವಿಗೂ ಆಗುವ ಸಂಭವ ಹೆಚ್ಚು. ಐದರವರೆಗೆ ಹಾಸಿಗೆಯ ಕೆಳಗೊಂದು ರಬ್ಬರ್ ಹಾಳೆ ಹಾಸಿ ಸುಮ್ಮನಿರಬಹುದು.

ನಮ್ಮ ಮಗಳು ಪಾಟಿಯಲ್ಲಿ ಮೊದಲ ಸಲ ಕಕ್ಕ ಮಾಡಿದ್ದು ಔಷಧ ಶುರುವಾದ ಹನ್ನೊಂದನೆಯ ವಾರ, ಒಂದು ಮಧ್ಯಾಹ್ನ, ಸೊಪ್ಪಿನ ಸಾರು ಅನ್ನ ಉಂಡಾದ ಮೇಲೆ. ಪರದೆಯವರೆಗೆ ಹೋದವಳು ಅಲ್ಲಿಂದ ತಿರುಗಿ ಬಚ್ಚಲುಮನೆಗೆ ನಡೆದಳು. ‘ಅಮ್ಮ, ನೀನು ಆಚೆ ಇರು’ ಎಂದಳು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತೆ. ಔಷಧದ ಪ್ರಮಾಣ ಈಗ ಅರ್ಧಕ್ಕೆ ಇಳಿದಿದೆ. ರಾತ್ರಿ ಇನ್ನೂ ಡೈಪರ್ ಹಾಕುತ್ತೇವೆ, ಬೆಳಗ್ಗೆ ಅದನ್ನು ಪತ್ರಿಕೆಯಲ್ಲಿ ಸುತ್ತಿ ಕೊಟ್ಟರೆ ಅವಳು ಕೆಂಪು ಪೆನ್ಸಿಲ್ ತರುತ್ತಾಳೆ.